ಸರ್ಫಿಂಗ್‌ಗೆ ಒಳ್ಳೆ ಅಲೆ ಗುರುತಿಸುವುದು ಹೇಗೆ?

ಸರ್ಫಿಂಗ್ ಶುರು ಮಾಡಿದವರು ಮೊದಲು ಕೇಳುವುದು, ಇವತ್ತು ಅಲೆ ಎಷ್ಟು ಎತ್ತರ ಇದೆ ಅಂತ. ಎತ್ತರ ಬೇಕು, ನಿಜ. ಆದರೆ ಎರಡಾಳೆತ್ತರದ ಅಲೆ ಉದ್ದಕ್ಕೂ ಒಂದೇ ಸಲ ದಬ್ಬೆಂದು ಬಿದ್ದರೆ ಸವಾರಿಗೆ ಜಾಗವೇ ಉಳಿಯುವುದಿಲ್ಲ. ಸೊಂಟದೆತ್ತರದ್ದೇ ಆದರೂ ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಲಾಗಿ ಒಡೆಯುತ್ತಾ ಹೋಗುವ ಅಲೆ ನಿಮ್ಮನ್ನು ತುಂಬಾ ದೂರ ಕರೆದೊಯ್ಯುತ್ತದೆ. ನನ್ನ ಪ್ರಕಾರ ಒಳ್ಳೆ ಅಲೆ ಅಂದರೆ ಅದೇ.

ಮೊದಲು ಅಲೆಗಳ ಫೋರ್‌ಕಾಸ್ಟ್ (ಮುನ್ಸೂಚನೆ) ನೋಡಿ. ಎತ್ತರದ ಪಕ್ಕದಲ್ಲಿ ಸೆಕೆಂಡುಗಳ ಲೆಕ್ಕದಲ್ಲಿ ಪೀರಿಯಡ್ ಕೊಟ್ಟಿರುತ್ತಾರೆ. ಒಂದು ಅಲೆ ದಾಟಿ ಮುಂದಿನದು ಬರಲು ಹಿಡಿಯುವ ಸಮಯ ಅದು. 5-6 ಸೆಕೆಂಡ್ ಇದ್ದರೆ ಹತ್ತಿರದ ಗಾಳಿ ಎಬ್ಬಿಸಿದ ಅಲೆ, ಅದಕ್ಕೆ ಸಾಲೂ ಇಲ್ಲ, ಬಲವೂ ಇಲ್ಲ. 12 ದಾಟಿತು ಅಂದರೆ ದೂರದ ಬಿರುಗಾಳಿಯಿಂದ ಹೊರಟ ಅಲೆ, ಇದಕ್ಕೇ ಸ್ವೆಲ್ ಅನ್ನುತ್ತಾರೆ. ಗಾಳಿ ಜೋರಾಗಿ, ಜಾಸ್ತಿ ಹೊತ್ತು, ಜಾಸ್ತಿ ದೂರ ನೀರಿನ ಮೇಲೆ ಬೀಸಿದಷ್ಟೂ ಅಲೆಯ ಬಲ ಹೆಚ್ಚು. 1963ರಲ್ಲಿ ಸಾಗರ ವಿಜ್ಞಾನಿ ವಾಲ್ಟರ್ ಮಂಕ್ ಮತ್ತು ಜೊತೆಗಾರರು ನ್ಯೂಜಿಲೆಂಡ್‌ನಿಂದ ಅಲಾಸ್ಕಾವರೆಗೆ ಉಪಕರಣ ಇಟ್ಟು, ದಕ್ಷಿಣ ಸಾಗರದ ಬಿರುಗಾಳಿಯ ಅಲೆಗಳು ಇಡೀ ಪೆಸಿಫಿಕ್ ದಾಟಿ ಬರುವುದನ್ನು ಅಳೆದು ತೋರಿಸಿದರು. 14 ಸೆಕೆಂಡ್ ಪೀರಿಯಡ್‌ನ ಸ್ವೆಲ್ ಆಳ ಸಮುದ್ರದಲ್ಲಿ ಗಂಟೆಗೆ ಸುಮಾರು 39 ಕಿ.ಮೀ. ವೇಗದಲ್ಲಿ ಸಾಗುತ್ತದೆ. ಹಾಗಾಗಿ 2,000 ಕಿ.ಮೀ. ಆಚೆ ಎದ್ದ ಬಿರುಗಾಳಿಯ ಫಲ ನಿಮಗೆ ಸಿಗುವುದು ಎರಡು ದಿನ ಕಳೆದ ಮೇಲೆ.

ಆಮೇಲೆ ನೀರಡಿಯ ನೆಲ. ಅಲೆಗೆ ಆಕಾರ ಕೊಡುವುದು ಇದೇ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನಿಸೋಣ. ಎರಡು ಅಲೆಗಳ ನಡುವಿನ ಅಂತರದ ಅರ್ಧದಷ್ಟು ಆಳಕ್ಕೆ ಬಂದಾಗಲೇ ಅಲೆಗೆ ನೆಲ ತಾಗತೊಡಗುತ್ತದೆ. ಅಲ್ಲಿಂದ ವೇಗ ಕಡಿಮೆಯಾಗುತ್ತದೆ, ಹಿಂದಿನ ಅಲೆಗಳು ಹತ್ತಿರ ಬರುತ್ತವೆ, ದಡ ಸಮೀಪಿಸಿದಂತೆ ನೀರು ಮೇಲಕ್ಕೇಳುತ್ತದೆ. 1 ಮೀಟರ್ ಅಲೆ ಸುಮಾರು 1.3 ಮೀಟರ್ ಆಳದಲ್ಲಿ ಒಡೆಯುತ್ತದೆ. ನೆಲ ನಿಧಾನಕ್ಕೆ ಏರಿದರೆ ನೆತ್ತಿಯಿಂದ ನೊರೆ ಮೆಲ್ಲಗೆ ಜಾರುತ್ತದೆ, ಕಲಿಯುವವರಿಗೆ ಇದೇ ಸರಿ. ತಾಹಿಟಿಯ ಟೆಆಹುಪೂದಲ್ಲಿ ಹವಳದ ದಿಬ್ಬ ಆಳದಿಂದ ಥಟ್ಟನೆ ಮೇಲೆದ್ದಿದೆ, ಹಾಗಾಗಿ ನೆತ್ತಿ ಮುಂದಕ್ಕೆ ಮಗುಚಿ ಒಳಗೆ ಕೊಳವೆಯಂತೆ ಟೊಳ್ಳಾಗುತ್ತದೆ, ಇದೇ ಬ್ಯಾರೆಲ್. ದಕ್ಷಿಣ ಆಫ್ರಿಕಾದ ಜೆಫ್ರಿಸ್ ಬೇಯಲ್ಲಿ ಸ್ವೆಲ್ ದಡಕ್ಕೆ ಓರೆಯಾಗಿ ಬಂದು ಸಾಲಾಗಿ ಒಡೆಯುತ್ತಾ ಹೋಗುತ್ತದೆ. ಮರಳು ನೆಲದ ಬೀಚಲ್ಲಿ ಮಾತ್ರ ದಿಬ್ಬಗಳು ಜಾಗ ಬದಲಿಸುತ್ತವೆ, ಹೋದ ತಿಂಗಳು ಚೆನ್ನಾಗಿದ್ದ ಜಾಗವನ್ನು ಸುಮ್ನೆ ನಂಬಬೇಡಿ.

ಇನ್ನು ಗಾಳಿ. ದಡದಿಂದ ಕಡಲಿನ ಕಡೆಗೆ ಹಗುರವಾಗಿ ಬೀಸಿದರೆ ಅಲೆಯ ಮೈ ನಯವಾಗುತ್ತದೆ, ಇನ್ನಷ್ಟು ಹೊತ್ತು ಎದ್ದು ನಿಲ್ಲುತ್ತದೆ. ಕಡಲಿನಿಂದ ದಡಕ್ಕೆ ಬೀಸಿದರೆ ಒಳ್ಳೆ ಸ್ವೆಲ್ ಕೂಡ ಹಾಳು. ತುಂಬಾ ಕಡೆ ಬೆಳಿಗ್ಗೆ ಹೊತ್ತು ಗಾಳಿ ಕಡಿಮೆ, ಸರ್ಫರ್‌ಗಳು ನಸುಕಿಗೇ ಏಳುವುದು ಅದಕ್ಕೇ. ಉಬ್ಬರವಿಳಿತವನ್ನೂ ನೋಡಿಕೊಳ್ಳಿ, ಒಂದೊಂದು ಜಾಗ ಒಂದೊಂದು ಮಟ್ಟದಲ್ಲಿ ಚೆನ್ನ.

ಕೊನೆಗೆ ದಡದಲ್ಲಿ ನಿಂತು 20 ನಿಮಿಷ ನೋಡಿ. ದೊಡ್ಡ ಅಲೆಗಳು ಸೆಟ್ ಆಗಿ, ಅಂದರೆ ಗುಂಪು ಗುಂಪಾಗಿ, ಬಿಟ್ಟು ಬಿಟ್ಟು ಬರುತ್ತವೆ, ಐದು ನಿಮಿಷ ನೋಡಿದರೆ ಗೊತ್ತಾಗಲ್ಲ. ಒಂದೇ ಅಲೆ ಆರಿಸಿ, ನೊರೆ ಮೊದಲು ಎಲ್ಲಿ ಕಾಣಿಸಿತು, ಅಲ್ಲಿಂದ ಯಾವ ಕಡೆಗೆ ಓಡಿತು ಅಂತ ಕಣ್ಣಿಟ್ಟು ನೋಡಿ. ನೊರೆಯ ಮುಂದೆ ಒಡೆಯದ ಹಸಿರು ನೀರು ಇಳಿಜಾರಾಗಿ ಉಳಿದಿದ್ದರೆ ಸವಾರಿ ಅಲ್ಲೇ. ಉದ್ದಕ್ಕೂ ಒಟ್ಟಿಗೇ ನೊರೆ ಎದ್ದರೆ ಅದು ಕ್ಲೋಸ್‌ಔಟ್, ಬಿಟ್ಟುಬಿಡಿ. ಎರಡು ಕಡೆ ಅಲೆ ಒಡೆದು ನಡುವೆ ಮಾತ್ರ ನೀರು ಸಮತಟ್ಟಾಗಿ ಕಂಡರೆ ಅಲ್ಲಿ ಕಡಲಿನ ಕಡೆಗೆ ಸೆಳೆತ ಇರುವ ಸಾಧ್ಯತೆ ಜಾಸ್ತಿ. ಹೊಸಬರು ಅಲ್ಲಿ ಇಳಿಯಬೇಡಿ.