ಪವರ್ ಕೇಬಲ್ ಬದಲಿಸಿದರೆ ಹಾಡು ಚೆನ್ನಾಗಿ ಕೇಳುತ್ತದಾ? ಮಲ್ಪೆಯ ನಮ್ಮ ಮನೆಯಲ್ಲಿ ಆದದ್ದು

ಎರಡು ವರ್ಷದ ಹಿಂದೆ 18,000 ರೂಪಾಯಿ ಕೊಟ್ಟು ಆಂಪ್ಲಿಫೈಯರ್‌ಗೆ ಒಂದು ಪವರ್ ಕೇಬಲ್ ತಗೊಂಡೆ. ಸೆಕೆಂಡ್ ಹ್ಯಾಂಡ್. ಒಂದೂವರೆ ಮೀಟರ್ ಉದ್ದ, ಹೆಬ್ಬೆರಳಿನಷ್ಟು ದಪ್ಪ. ಹಾಕಿದ ದಿನ ಸಂಜೆ ಒಂದು ಬಯಲಾಟದ ರೆಕಾರ್ಡಿಂಗ್ ಹಾಕಿ ಕೂತೆ, ಕೊಯ್ಲು ಮುಗಿದ ಗದ್ದೆಯಲ್ಲಿ ರಾತ್ರಿ ಪೂರ್ತಿ ಕೂತು ನಾನೇ ಮಾಡಿಕೊಂಡದ್ದು ಅದು. ಚೆಂಡೆಯ ಪೆಟ್ಟು ಬಿಡಿಬಿಡಿಯಾಗಿ ಕೇಳಿತು. ಜಾಗಟೆಯ ದನಿ ಇಳಿಯುತ್ತಾ ಹೋಗುವುದು ಕೊನೆವರೆಗೂ ಸಿಕ್ಕಿತು. ನನಗೆ ಹಾಗೇ ಕೇಳಿದ್ದು, ಅದನ್ನು ಈಗಲೂ ಇಲ್ಲ ಅನ್ನುವುದಿಲ್ಲ.

ಮರುದಿನ ಹಳೇ ಕೇಬಲ್ ಎತ್ತಿಡುವಾಗ ಅದರ ಪ್ಲಗ್ ನೋಡಿದೆ. ಮೂರೂ ಪಿನ್ ಕಪ್ಪಾಗಿತ್ತು, ದಪ್ಪ ಪಿನ್ನಿನ ಬುಡದಲ್ಲಿ ಹಸಿರು ಕಿಲುಬು. ಕಡಲು ನಮ್ಮ ಮನೆಗೆ ಹತ್ತು ನಿಮಿಷದ ನಡಿಗೆ, ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ. ಆಗ ಅನುಮಾನ ಬಂತು. ನಾನು ಹೋಲಿಸಿದ್ದು ಎರಡು ಕೇಬಲ್‌ಗಳನ್ನಾ, ಅಥವಾ ಹೊಸ ಪಿನ್ನನ್ನು ಕಿಲುಬು ಹಿಡಿದ ಪಿನ್ನಿನ ಜೊತೆಗಾ? ಹಿತ್ತಾಳೆ ಪಾತ್ರೆ ತಿಕ್ಕುವ ಹಾಗೆ ಹುಣಸೆಹುಳಿ ಹಚ್ಚಿ ಪಿನ್ ತಿಕ್ಕಿದೆ, ಒದ್ದೆ ಬಟ್ಟೆಯಲ್ಲಿ ಒರೆಸಿ ಎರಡು ದಿನ ಒಣಗಿಸಿದೆ. ಆಮೇಲೆ ಮಗಳನ್ನು ಕರೆದೆ.

ಪರೀಕ್ಷೆ ಹೀಗೆ. ನಾನು ಸ್ಪೀಕರ್ ಕಡೆ ಮುಖ ಮಾಡಿ ಕೂರುವುದು, ಮಗಳು ಹಿಂದೆ ನಿಂತು ನಾಣ್ಯ ಹಾರಿಸುವುದು. ತಲೆ ಬಿದ್ದರೆ ಹೊಸ ಕೇಬಲ್, ಇಲ್ಲದಿದ್ದರೆ ಹಳೆಯದು. ಅದೇ ಕೇಬಲ್ ಮತ್ತೆ ಬಂದರೂ ಆಂಪ್ ಆಫ್ ಮಾಡಿ, ಕಿತ್ತು, ಮತ್ತೆ ಸಿಕ್ಕಿಸಬೇಕು, ಯಾಕೆಂದರೆ ಕೀಳುವ ಸದ್ದಿನಿಂದಲೇ ನನಗೆ ಗೊತ್ತಾಗಬಾರದು. ವಾಲ್ಯೂಮ್ ಮುಟ್ಟುವ ಹಾಗಿಲ್ಲ. ಪ್ರತಿ ಸಲ ಅದೇ ಮೂವತ್ತು ಸೆಕೆಂಡಿನ ತುಣುಕು. ಎರಡು ಸಂಜೆ, ಎಂಟೆಂಟು ಸಲ.

16ರಲ್ಲಿ ನಾನು ಸರಿ ಹೇಳಿದ್ದು 9. ಸುಮ್ನೆ ಊಹಿಸಿದರೂ ಎಂಟರ ಆಸುಪಾಸು ಬರುತ್ತದೆ ಅಲ್ವಾ? 12 ಅಥವಾ ಅದಕ್ಕಿಂತ ಜಾಸ್ತಿ ಬಂದಿದ್ದರೆ ಬೇರೆ ಮಾತು, ಬರೀ ಊಹೆಯಲ್ಲಿ ಅಷ್ಟು ಸರಿಯಾಗುವುದು ನೂರಕ್ಕೆ ಸುಮಾರು 4 ಸಲ ಮಾತ್ರ. "ಅಪ್ಪ, ನೀವು ಗಟ್ಟಿಯಾಗಿ ಹೇಳಿದ್ದೇ ಹೆಚ್ಚು ತಪ್ಪಾಗಿದ್ದು" ಅಂದಳು ಮಗಳು, ಉತ್ತರ ಬರೆದಿಟ್ಟ ಪುಸ್ತಕ ನೋಡಿಕೊಂಡು.

ಲೆಕ್ಕ ಹಾಕಿದರೂ ಅದೇ ಬರುತ್ತದೆ. ಹಳೇ ಕೇಬಲ್ ಕಂಪ್ಯೂಟರ್‌ಗೆ ಬರುವಂಥದ್ದು, 1 ಚದರ ಮಿ.ಮೀ. ತಾಮ್ರ. ಹೋಗಿ ಬರುವ ದಾರಿ ಸೇರಿ ಮೂರು ಮೀಟರ್, ರೆಸಿಸ್ಟೆನ್ಸ್ ಸುಮಾರು 0.06 ಓಮ್. ಹೊಸದು 2.5 ಚದರ ಮಿ.ಮೀ., ಸುಮಾರು 0.02. ಆಂಪ್ 1 ಆಂಪಿಯರ್ ಎಳೆದರೆ ವ್ಯತ್ಯಾಸ 0.04 ವೋಲ್ಟ್, 230ರಲ್ಲಿ. ಅದೇ ಗೋಡೆಯೊಳಗಿನ ವಯರ್ ನೋಡಿ. ಮೇನ್ ಬೋರ್ಡಿನಿಂದ ಹಾಲ್‌ವರೆಗೆ 20 ಮೀಟರ್, 1.5 ಚದರ ಮಿ.ಮೀ., ಹೋಗಿ ಬರಲು ಅರ್ಧ ಓಮ್ ಹತ್ತಿರ. ಕಂಬದಿಂದ ಇಷ್ಟು ದೂರ ಬಂದ ಕರೆಂಟಿಗೆ ಕೊನೆಯ ಒಂದೂವರೆ ಮೀಟರ್ ಏನು ಮಾಡೀತು? ಬಂದ ಮೇಲೂ ಅದು ಆಂಪ್ ಒಳಗೆ ಟ್ರಾನ್ಸ್‌ಫಾರ್ಮರ್, ಡಯೋಡ್, ಕೆಪಾಸಿಟರ್ ದಾಟಿ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್ ಆಗಿಯೇ ಹಾಡಿನ ಹತ್ತಿರ ಹೋಗುವುದು.

ಆದರೆ ತೊಂದರೆ ಇದ್ದದ್ದು ನಿಜ. ಹಾಡು ನಿಂತಾಗ ಸ್ಪೀಕರಿನಲ್ಲಿ ಸಣ್ಣಗೆ ಗುಂಯ್ ಅನ್ನುತ್ತಿತ್ತು. ಫ್ರಿಜ್ ಶುರುವಾದರೆ ಟಪ್ ಅನ್ನುತ್ತಿತ್ತು. ದುಬಾರಿ ಕೇಬಲ್ ಎರಡನ್ನೂ ಮುಟ್ಟಲಿಲ್ಲ.

ನಮ್ಮ ಎಲೆಕ್ಟ್ರಿಷಿಯನ್ ಬಂದವರು ಮೊದಲು ಹೇಳಿದ್ದೇ "ಎಂತ ಮಾರಾಯ್ರೆ, ಹೊರಗಿನ ವಯರ್ ಬಿಡಿ, ಬೋರ್ಡ್ ಬಿಚ್ಚಿ ನೋಡುವ" ಅಂತ. ಸಾಕೆಟ್ ಬಿಚ್ಚಿದರೆ ಒಳಗಿನ ಹಿತ್ತಾಳೆ ಪಟ್ಟಿ ಸಡಿಲವಾಗಿ ಬಾಯಿ ಬಿಟ್ಟಿತ್ತು, ಸ್ಕ್ರೂ ಹತ್ತಿರ ವಯರ್ ಬಿಸಿಯಾಗಿ ಕಪ್ಪಾಗಿತ್ತು. ಫ್ರಿಜ್ಜಿಗೂ ಅದೇ ಲೈನ್. ಮಲ್ಟಿಮೀಟರ್ ಇಟ್ಟರೆ ನ್ಯೂಟ್ರಲ್‌ಗೂ ಅರ್ತಿಂಗ್‌ಗೂ ಮಧ್ಯೆ 14 ವೋಲ್ಟ್, ಇರಬೇಕಾದ್ದಕ್ಕಿಂತ ತುಂಬಾ ಜಾಸ್ತಿ. ನಮ್ಮದು ಹೊಯಿಗೆ ನೆಲ, ಮಾರ್ಚ್ ತಿಂಗಳಲ್ಲಿ ಮೇಲಿನ ನೆಲ ಪೂರ್ತಿ ಒಣಗಿರುತ್ತದೆ, ಅರ್ತ್ ಗುಂಡಿಗೆ ನಾನು ವರ್ಷಗಟ್ಟಲೆ ಒಂದು ಚೊಂಬು ನೀರು ಹೊಯ್ದಿರಲಿಲ್ಲ. ಇದು ಹಾಡಿನ ವಿಷಯ ಮಾತ್ರ ಅಲ್ಲ, ಜೀವದ ವಿಷಯ.

ಎರಡೂವರೆ ಮೀಟರ್ ಜಿಐ ಪೈಪ್ ಇಳಿಸಿ, ಇದ್ದಿಲು ಉಪ್ಪು ತುಂಬಿ ಹೊಸ ಗುಂಡಿ ಮಾಡಿಸಿದೆವು. ಆಂಪ್‌ಗೆ ಅಂತಲೇ ಮೇನ್ ಬೋರ್ಡಿನಿಂದ 4 ಚದರ ಮಿ.ಮೀ. ವಯರ್, ಬೇರೆ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್), ಹೊಸ 16 ಆಂಪಿಯರ್ ಸಾಕೆಟ್. 14 ವೋಲ್ಟ್ ಇದ್ದದ್ದು 2ಕ್ಕೆ ಇಳಿಯಿತು. ಫ್ರಿಜ್ಜಿನ ಟಪ್ ನಿಂತಿತು. ಗುಂಯ್ ಮಾತ್ರ ಪೂರ್ತಿ ಹೋಗಲಿಲ್ಲ.

ಅದರ ಮೂಲ ಹುಡುಕಲು ಒಂದು ಭಾನುವಾರ ಹೋಯಿತು. ಒಂದೊಂದೇ ವಯರ್ ಕೀಳುತ್ತಾ ಬಂದೆ. ಟಿವಿಗೆ ಬರುವ ಡಿಶ್ ಕೇಬಲ್ಲಿನ ವಯರ್ ಕಿತ್ತ ಕೂಡಲೇ ಸದ್ದು ಮಾಯ. ಆ ವಯರ್ ಬೇರೆಲ್ಲೋ ಅರ್ತ್ ಆಗಿತ್ತು, ಟಿವಿಯಿಂದ ಆಂಪ್‌ಗೆ ಆಡಿಯೋ ವಯರ್ ಇತ್ತು, ಹಾಗೆ ಎರಡು ಅರ್ತ್‌ಗಳ ಮಧ್ಯೆ ಒಂದು ಸುತ್ತು ಆಗಿ ಮನೆ ಕರೆಂಟಿನ 50 ಹರ್ಟ್ಸ್ ಕಂಪನ ಗುಂಯ್ ಆಗಿ ಒಳಗೆ ಬರುತ್ತಿತ್ತು. ಟಿವಿಗೂ ನನ್ನ ಡ್ಯಾಕ್‌ಗೂ (ಡಿಜಿಟಲ್ ಸಿಗ್ನಲನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡುವ ಪೆಟ್ಟಿಗೆ) ಮಧ್ಯೆ ಆಪ್ಟಿಕಲ್ ಕೇಬಲ್ ಹಾಕಿದೆ. ಅದರಲ್ಲಿ ಹೋಗುವುದು ಬೆಳಕು, ತಾಮ್ರದ ಸಂಬಂಧವೇ ಇಲ್ಲ. ಮುನ್ನೂರು ರೂಪಾಯಿ ಒಳಗೆ ಮುಗಿಯಿತು. ಗೆಳೆಯರೊಬ್ಬರು ಪ್ಲಗ್‌ನ ಅರ್ತ್ ಪಿನ್ ಬಿಚ್ಚಿಬಿಡಿ, ಗುಂಯ್ ಹೋಗುತ್ತದೆ ಅಂದಿದ್ದರು. ಹೋಗುತ್ತದೆ ನಿಜ. ದಯವಿಟ್ಟು ಹಾಗೆ ಮಾಡಬೇಡಿ. ಒಳಗೆ ಒಂದು ವಯರ್ ತಾಗಿದರೆ ಆಂಪ್‌ನ ಕಬ್ಬಿಣದ ಮೈಗೇ ಕರೆಂಟ್ ಬರುತ್ತದೆ, ಮನೆಯಲ್ಲಿ ಮಕ್ಕಳಿರುತ್ತಾರೆ.

ಉಳಿದದ್ದು ವೋಲ್ಟೇಜ್. ಬೇಸಿಗೆ ಸಂಜೆ ಏಳಕ್ಕೆ 205, ನಡುರಾತ್ರಿ 236. ನನ್ನ ಆಂಪ್‌ನಂಥದ್ದರಲ್ಲಿ ಇದರಿಂದ ಗರಿಷ್ಠ ಪವರ್ ಕಾಲು ಭಾಗ ಕಡಿಮೆಯಾಗುತ್ತದೆ. ಮೆಲ್ಲಗೆ ಕೇಳುವವರಿಗೆ ಗೊತ್ತಾಗದು, ಚೆಂಡೆಯನ್ನು ಜೋರಾಗಿ ಇಟ್ಟರೆ ಪೆಟ್ಟು ಒಡೆಯುತ್ತದೆ. ಅದಕ್ಕೇ ಆಟದ ರೆಕಾರ್ಡಿಂಗ್ ಈಗ ರಾತ್ರಿ ಊಟ ಆದ ಮೇಲೆ ಕೇಳುತ್ತೇನೆ.

ಆ ಕೇಬಲ್ ಮಾರಿದೆ, ಕೊಳ್ಳುವವರಿಗೆ ನನ್ನ 16ರ ಲೆಕ್ಕ ತೋರಿಸಿಯೇ ಕೊಟ್ಟೆ. ಈ ಏಪ್ರಿಲ್‌ನಲ್ಲಿ ನ್ಯೂಟ್ರಲ್‌ಗೂ ಅರ್ತಿಂಗ್‌ಗೂ ಮಧ್ಯೆ ಮತ್ತೆ ಮೀಟರ್ ಇಟ್ಟಾಗ 5 ವೋಲ್ಟ್ ತೋರಿಸಿತು. ಬಾವಿಯಿಂದ ಎರಡು ಕೊಡಪಾನ ನೀರು ಸೇದಿ ಗುಂಡಿಗೆ ಹೊಯ್ದೆ, ಸಂಜೆಗೆ 2ಕ್ಕೆ ಬಂತು.