ಫ್ಲಾಶ್ ಇಲ್ಲದೆ, ಕರೆ ಹಾಕದೆ ಕಪ್ಪು-ಕಿತ್ತಳೆ ನೊಣಹಿಡುಕ

ಕಪ್ಪು-ಕಿತ್ತಳೆ ನೊಣಹಿಡುಕ ಅನ್ನೋ ಪುಟ್ಟ ಹಕ್ಕಿಯ ಚಿತ್ರವನ್ನು ಫ್ಲಾಶ್ ಹಾಕದೆ, ಮೊಬೈಲಿನಲ್ಲಿ ಅದರ ಕರೆ ಕೇಳಿಸಿ ಹತ್ತಿರ ಸೆಳೆಯದೆ ತೆಗೀತೀನಿ ಅಂದಾಗ ನಮ್ಮ ಗುಂಪಿನಲ್ಲಿ ಯಾರೂ ನಂಬಲಿಲ್ಲ. "ಶೋಲಾ ಕಾಡಿನ ಕತ್ತಲಲ್ಲಿ ಕಪ್ಪು ತಲೆ ಬರೀ ಮಸಿ ಆಗುತ್ತೆ, ಸುಮ್ನೆ ದುಡ್ಡು ಹಾಳು" ಅಂದರು. ಈಗ ರೆಕ್ಕೆಯ ಕಪ್ಪು ಗರಿಗಳು ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿರುವ ಚಿತ್ರ ನನ್ನ ಹತ್ತಿರ ಇದೆ.

ಮೊದಲು 600 ಎಂಎಂ ಲೆನ್ಸ್ ಹೊತ್ತು ನೀಲಗಿರಿ ಬೆಟ್ಟದ ಕೋಟಗಿರಿಯ ಲಾಂಗ್‌ವುಡ್ ಶೋಲಾದಲ್ಲಿ ಅಲೆದೆ. ಹಕ್ಕಿ ಮೊಣಕಾಲೆತ್ತರದ ಗಿಡಗಳ ಸಂದಿಯಲ್ಲಿ. ನಿಂತು ತೆಗೆದರೆ ಮುಂದೆ ಎಲೆ ಅಡ್ಡ. ಶಟರ್ ವೇಗ ಸೆಕೆಂಡಿನ 1/30ಕ್ಕೆ ಇಳಿದು ಎಲ್ಲ ಅಲುಗಿದ ಚಿತ್ರಗಳೇ. ಮೈಸೂರಿನಿಂದ ಕಾರು, ರೂಮು ಸೇರಿ ಒಂದು ಸಲಕ್ಕೆ ಹೆಚ್ಚುಕಮ್ಮಿ 8 ಸಾವಿರ ಹೋಗುತ್ತಿತ್ತು. ಕೊನೆಗೆ ಆ ಲೆನ್ಸ್ ಮಾರಿ, ಸೆಕೆಂಡ್ ಹ್ಯಾಂಡ್ 300 ಎಂಎಂ ಎಫ್4 ಲೆನ್ಸ್ ತಗೊಂಡೆ. 45 ಸಾವಿರದ ಆಸುಪಾಸು.

ಅಲೆಯುವುದನ್ನೂ ಬಿಟ್ಟೆ. ಈ ಹಕ್ಕಿ ತನ್ನ ಜಾಗ ಬಿಟ್ಟು ದೂರ ಹೋಗಲ್ಲ. ತಗ್ಗಿನ ಕೊಂಬೆಯಿಂದ ಪಟ್ಟನೆ ಇಳಿದು, ತರಗೆಲೆ ಮೇಲಿನ ಹುಳ ಕಚ್ಚಿ, ಪಕ್ಕದಲ್ಲೇ ಇನ್ನೊಂದು ಕೊಂಬೆಗೆ ಹಾರುತ್ತೆ. ಕೂತಮೇಲೆ ನೆಲ ನೋಡುತ್ತಾ ಒಂದರೆಗಳಿಗೆ ಅಲುಗಲ್ಲ. ಆಗ 1/60ರಲ್ಲೂ ಚಿತ್ರ ಚೂಪಾಗಿ ಬರುತ್ತೆ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಸಾಕು. ಕಾಲುದಾರಿಯ ಅಂಚಿನಲ್ಲಿ, ಬಿದ್ದು ಕೊಳೆತ ಮರದೆದುರು ನೆಲಕ್ಕೇ ಕೂತೆ. ಗಂಟೆ ಕಳೆದ ಮೇಲೆ ಗಂಡು ಹತ್ತು ಅಡಿಯೊಳಗೇ ಬಂತು. ಮರ ಯಾವುದು ಅಂತ ಹೇಳಲ್ಲ.

ಲೆನ್ಸ್ ಆನಿಸಲು ಕೆಳಗಿಡುವ ಚೀಲಕ್ಕೆ, ಅಂದರೆ ಬೀನ್ ಬ್ಯಾಗಿಗೆ, ಹಗುರ ಅಂತ ಮಂಡಕ್ಕಿ ತುಂಬಿ ನೋಡಿದೆ. ಮಂಜಿಗೆ ಮೆತ್ತಗಾಗಿ ಲೆನ್ಸ್ ಮೂತಿ ಕೆಳಗೆ ಬಿತ್ತು. ಮರಳು ಹೊರಲಾರದ ಭಾರ. ಹುರುಳಿಯೇ ಸರಿ, ಒಂದೂವರೆ ಕೆಜಿ ಇದ್ದರೆ ಆಯ್ತು.

ಬಿಸಿಲಿಗೆ ಆಸೆಪಡಬೇಡಿ. ಎಲೆಗಳ ನಡುವಿಂದ ಬಿಸಿಲು ಬಿದ್ದ ಕಡೆ ಕಿತ್ತಳೆ ಎದೆ ಬಿಳಿಚಿಕೊಳ್ಳುತ್ತೆ, ನೆರಳಲ್ಲಿದ್ದ ತಲೆ ಮಾಯ. ಮಂಜು ಮುಸುಕಿದ ಬೆಳಗ್ಗೆ ಎರಡೂ ಬಣ್ಣ ಹೊಂದಿಕೊಳ್ಳುತ್ತವೆ. ಎಕ್ಸ್‌ಪೋಷರ್ (ಚಿತ್ರಕ್ಕೆ ಬಿಡುವ ಬೆಳಕು) ಎಷ್ಟು ಇಳಿಸಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಹೆಣ್ಣಿಗೆ ಈ ತಾಪತ್ರಯವಿಲ್ಲ, ತಲೆ ಕಂದು ಬಣ್ಣ. ಅದರಲ್ಲೇ ಕೈ ಪಳಗಿಸಿಕೊಳ್ಳಿ. ನೀಲಗಿರಿ ನೊಣಹಿಡುಕಕ್ಕೆ ಇದೇ ಉಪಾಯ ಹೂಡಿದೆ, ನಡೆಯಲಿಲ್ಲ. ಅದು ಜಾಸ್ತಿ ಮೇಲೇ ಕೂರುತ್ತೆ, ನಾವು ನೆಲದಲ್ಲಿ ಕೂತರೆ ಅದರ ಹೊಟ್ಟೆಯಷ್ಟೇ ಕಾಣೋದು.

ನಾನು ಹೋಗೋದು ಡಿಸೆಂಬರಿನಿಂದ ಫೆಬ್ರವರಿ ಒಳಗೆ. ವಲಸೆ ಹೋಗುವ ಹಕ್ಕಿಯಲ್ಲ, ವರ್ಷವಿಡೀ ಅಲ್ಲೇ ಇರುತ್ತೆ. ಮಾರ್ಚ್ ಬಂತೆಂದರೆ ಜರೀಗಿಡದ ಎಲೆಗಳಲ್ಲಿ ಉಂಡೆಯಂಥ ಗೂಡು ಕಟ್ಟಿ ಎರಡು ಮೊಟ್ಟೆ ಇಡುತ್ತೆ, ಅದೂ ನೆಲಕ್ಕೆ ತೀರಾ ಹತ್ತಿರ. ಆಗ ಪೊದೆಗೆ ಕಾಲಿಡಲೇಬಾರದು.