ಪರ್ಸೋ, ಪಿಸ್ತೂಲೋ? ಅರೆಕ್ಷಣದ ಪೂರ್ವಗ್ರಹ ಅಳೆಯುವುದು ಹೀಗೆ

ಫೆಬ್ರವರಿ 4, 1999. ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ ತನ್ನ ಮನೆ ಬಾಗಿಲಲ್ಲಿದ್ದ ಅಮಾಡು ಡಿಯಾಲೊ ಎಂಬ ಕಪ್ಪು ಯುವಕನ ಮೇಲೆ ನಾಲ್ವರು ಪೊಲೀಸರು 41 ಗುಂಡು ಹಾರಿಸಿದರು. ಪಿಸ್ತೂಲು ಕಂಡಿತೆಂದರು; ಕೈಯಲ್ಲಿದ್ದದ್ದು ಪರ್ಸು. ಬಿಳಿಯನಾಗಿದ್ದರೆ ಅದು ಪರ್ಸಾಗಿಯೇ ಕಾಣುತ್ತಿತ್ತೆ? ಒಂದೇ ಘಟನೆ ಹಿಡಿದು ಇದಕ್ಕೆ ಉತ್ತರ ಹೇಳಲಾಗದು. ಪ್ರಯೋಗ ಬೇಕು. ಅದನ್ನೀಗ ಮನಶ್ಶಾಸ್ತ್ರದ ವಿದ್ಯಾರ್ಥಿಗಳು ಲ್ಯಾಪ್‌ಟಾಪ್‌ನಲ್ಲೇ ಕಟ್ಟಬಹುದು.

ಮೊದಲು ರುಚಿ ನೋಡಿ
ಪ್ರಾಜೆಕ್ಟ್ ಇಂಪ್ಲಿಸಿಟ್ ಎಂಬ ಜಾಲತಾಣದಲ್ಲಿ ಅರಿವಿಲ್ಲದ ಪೂರ್ವಗ್ರಹ ಅಳೆಯುವ ಪರೀಕ್ಷೆಗಳು ಉಚಿತ. (ಅದನ್ನು ಶುರುಮಾಡಿದವರಲ್ಲಿ ಒಬ್ಬರಾದ ಮಹಜರೀನ್ ಬನಾಜಿ ನಮ್ಮ ಸಿಕಂದರಾಬಾದಿನವರು.) ಫಲಿತಾಂಶವನ್ನು ತಲೆಗೆ ಹಚ್ಚಿಕೊಳ್ಳಬೇಡಿ, ನಾಳೆ ಮತ್ತೆ ಮಾಡಿದರೆ ಬೇರೆಯೇ ಬಂದೀತು.

ಚಿತ್ರ ಹೊಂದಿಸಿ
ಶಿಕಾಗೊ ಫೇಸ್ ಡೇಟಾಬೇಸ್ ಎಂಬ ಮುಖಚಿತ್ರಗಳ ಸಂಗ್ರಹ ಸಂಶೋಧಕರಿಗೆ ಉಚಿತ. ದೆಹಲಿಯಲ್ಲಿ ತೆಗೆದ 142 ಜನರ ಮುಖಗಳೂ ಅದರಲ್ಲಿವೆ. ಗೂಗಲ್‌ನಿಂದ ಫೋಟೊ ಎತ್ತಬೇಡಿ: ಒಬ್ಬ ನಗುತ್ತಿದ್ದು ಇನ್ನೊಬ್ಬ ಸಿಡುಕುತ್ತಿದ್ದರೆ ನೀವು ಅಳೆಯುವುದು ಬಣ್ಣವನ್ನಲ್ಲ.

ಪ್ರಯೋಗ ಕಟ್ಟಿ
ಇಂಥ ಪ್ರಯೋಗ ಕಟ್ಟುವ ತಂತ್ರಾಂಶಗಳಾದ ಸೈಕೋಪೈ ಅಥವಾ ಜೆಎಸ್‌ಸೈಕ್ ಸಾಕು, ಎರಡೂ ಉಚಿತ. ಮನಶ್ಶಾಸ್ತ್ರಜ್ಞ ಕೀತ್ ಪೇಯ್ನ್ 2001ರಲ್ಲಿ ತೋರಿಸಿದ ವಿಧಾನ ಸರಳ: 200 ಮಿಲಿಸೆಕೆಂಡ್ ಒಂದು ಮುಖ, ಬೆನ್ನಲ್ಲೇ ಪಿಸ್ತೂಲು ಅಥವಾ ಸ್ಪ್ಯಾನರ್‌ನಂಥ ಉಪಕರಣ. ನೋಡಿದವರು ‘ಪಿಸ್ತೂಲು’ ಅಥವಾ ‘ಉಪಕರಣ’ ಎಂದು ಕೀ ಒತ್ತಬೇಕು. ಇಡೀ ಪ್ರಯೋಗದ ಜೀವ ಇರುವುದು ಸಮಯದ ಮಿತಿಯಲ್ಲಿ. ಮಿತಿಯಿಲ್ಲದಾಗ ಕಪ್ಪು ಮುಖದ ನಂತರ ಜನ ಪಿಸ್ತೂಲನ್ನು ಬೇಗ ಗುರುತಿಸಿದರು, ಅಷ್ಟೇ. ಅರ್ಧ ಸೆಕೆಂಡಿನೊಳಗೆ ಉತ್ತರಿಸಿ ಎಂದಾಗ ತಪ್ಪುಗಳೇ ಉದುರತೊಡಗಿದವು: ಕಪ್ಪು ಮುಖದ ನಂತರ ಉಪಕರಣವೂ ಹೆಚ್ಚು ಸಲ ಪಿಸ್ತೂಲಾಯಿತು.

ಮೊಬೈಲ್ ಬೇಡ, ಕೀಬೋರ್ಡ್ ಇರುವ ಕಂಪ್ಯೂಟರೇ ಇರಲಿ. 60 ಹರ್ಟ್ಸ್ ಪರದೆ ಸುಮಾರು 16.7 ಮಿಲಿಸೆಕೆಂಡಿಗೊಮ್ಮೆ ಬದಲಾಗುತ್ತದೆ. 200 ಎಂದರೆ ಸರಿಯಾಗಿ 12 ಫ್ರೇಮ್, ಅಂದರೆ ಅಂಥ 12 ಬದಲಾವಣೆ. 205 ಎಂದು ಕೇಳಿದರೆ ಪರದೆಗೆ ಅದು ಸಾಧ್ಯವಿಲ್ಲ.

ಜನರನ್ನು ಕರೆಯುವ ಮುನ್ನ
ಕಾಲೇಜಿನ ನೈತಿಕ ಸಮಿತಿಯ ಒಪ್ಪಿಗೆ ಪಡೆಯಿರಿ. ಏನನ್ನು ಹೋಲಿಸುತ್ತೀರೆಂದು ಓಎಸ್‌ಎಫ್‌ನಲ್ಲಿ (ಸಂಶೋಧನಾ ಯೋಜನೆ ದಾಖಲಿಸುವ ಜಾಲತಾಣ) ಮೊದಲೇ ಬರೆದಿಡಿ. ಅಂಕಿಅಂಶ ಕೈಗೆ ಬಂದಮೇಲೆ ಪ್ರಶ್ನೆ ಬದಲಿಸುವ ಚಪಲ ಯಾರನ್ನೂ ಬಿಟ್ಟಿಲ್ಲ.

ಲೆಕ್ಕ ಹಾಕಿ
ಒಟ್ಟು ತಪ್ಪು ಎಣಿಸಿದರೆ ಏನೂ ತಿಳಿಯದು. ಕಪ್ಪು ಮುಖದ ನಂತರ 50 ಉಪಕರಣಗಳಲ್ಲಿ 12ನ್ನು, ಬಿಳಿ ಮುಖದ ನಂತರ 7ನ್ನು ಒಬ್ಬರು ಪಿಸ್ತೂಲೆಂದರು ಎಂದಿಟ್ಟುಕೊಳ್ಳಿ. ಆ ವ್ಯತ್ಯಾಸ ನೋಡಿ, ಜೊತೆಗೆ ಪಿಸ್ತೂಲನ್ನು ಉಪಕರಣ ಎಂದ ತಪ್ಪುಗಳನ್ನೂ ಮುಖವಾರು ಬಿಡಿಸಿ. ಆಮೇಲೆ ಎಲ್ಲರ ಲೆಕ್ಕ ಸೇರಿಸಿ. ಜಾಸ್ಪ್ ಎಂಬ ಅಂಕಿಅಂಶ ತಂತ್ರಾಂಶ ಇದಕ್ಕೆ ಸಾಕು.

ವಿದ್ಯಾರ್ಥಿಗಳ ಫಲಿತಾಂಶವನ್ನು ಪೊಲೀಸರಿಗೆ ನೇರವಾಗಿ ಅಂಟಿಸಬೇಡಿ. ಜೋಶುವಾ ಕೊರೆಲ್ ತಂಡ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಂಡು ಹಾರಿಸುವ ನಿರ್ಧಾರದಲ್ಲಿ ಪೊಲೀಸರು ಸಾಮಾನ್ಯರಿಗಿಂತ ಕಡಿಮೆ ಪಕ್ಷಪಾತ ತೋರಿದ್ದರು. ಆದರೆ ಪ್ರತಿಕ್ರಿಯೆಯ ವೇಗದಲ್ಲಿ ಅದು ಉಳಿದೇ ಇತ್ತು. ಬೀದಿಯ ಮಾಹಿತಿ ಬೇಕಿದ್ದರೆ ಸ್ಟ್ಯಾನ್‌ಫರ್ಡ್ ಓಪನ್ ಪೊಲೀಸಿಂಗ್ ತಾಣದಿಂದ ಅಮೆರಿಕದಲ್ಲಿ ಪೊಲೀಸರು ವಾಹನ ತಡೆದು ನಿಲ್ಲಿಸಿದ ದಾಖಲೆ ಇಳಿಸಿಕೊಳ್ಳಿ. ಸಂಜೆ 7 ಗಂಟೆಗೆ ಬೇಸಿಗೆಯಲ್ಲಿ ಬೆಳಕು, ಚಳಿಗಾಲದಲ್ಲಿ ಕತ್ತಲು. ಬೆಳಕಿದ್ದು ಚಾಲಕನ ಮುಖ ಕಾಣುವಾಗ, ತಡೆದವರಲ್ಲಿ ಕಪ್ಪು ಜನರ ಪಾಲು ಏರಿದೆಯೇ ಎಂದು ಮೊದಲು ನೋಡಿ.